ಲಾಲ್‌ಬಾಗು: ಅರಸರ ತೋಟವು ಪುರದ ಉದ್ಯಾನವಾದ ಬಗೆ

ಅಮರಸಿಂಹನು ತನ್ನ ಕೋಶದ ವನೌಷಧಿವರ್ಗದ ಆದಿಯಲ್ಲಿ ತೋಟಗಳನ್ನು ಅವುಗಳ ಭೋಕ್ತೃಗಳಿಗನುಸಾರವಾಗಿ ವಿಂಗಡಿಸಿರುವನು. ಮನೆಯ ಕೈತೋಟವು ನಿಷ್ಕುಟ. ಅಮಾತ್ಯರ ಮತ್ತು ಗಣಿಕೆಯರ ಮನೆಗಳ ಉಪವನವು ವೃಕ್ಷವಾಟಿಕೆ. ಅರಸನ ತೋಟಗಳಲ್ಲಿ ಎರಡು ಬಗೆಗಳುಂಟು: ಅಂತಃಪುರಕ್ಕೆ ಮೀಸಲಾದುದು ಪ್ರಮದವನ, ಸರ್ವಸಾಧಾರಣವಾದುದು ಆಕ್ರೀಡ ಅಥವಾ ಉದ್ಯಾನ. ಆದುದರಿಂದ ‘ಉದ್ಯಾನ’ವೆಂಬ ಪದದಲ್ಲಿಯೇ ಅರಸನ ತೋಟಕ್ಕೂ ಪುರಜನರಿಗೂ ಉಳ್ಳ ಸಂಬಂಧವು ಅಡಗಿರುವುದು. ಮುಚ್ಚಿದ ತೋಟವೊಂದು ಈ ಹೆಸರಿಗೆ ಹೇಗೆ ಅರ್ಹವಾಗುವುದೆಂಬುದಕ್ಕೆ ಬೆಂಗಳೂರಿನ ಲಾಲ್‌ಬಾಗು ಉತ್ತಮ ನಿದರ್ಶನವಾಗಿದೆ.

ಈ ತೋಟವನ್ನು ಹೈದರಾಲಿಯು ೧೭೬೦ರಲ್ಲಿ ಕೋಟೆಯ ಹೊರಗೆ, ಆಗ್ನೇಯ ದಿಕ್ಕಿನಲ್ಲಿ ತೊಡಗಿಸಿದನು. ಶಿರಾ ಪಟ್ಟಣದ ಮೊಗಲರ ತೋಟವು ಇದಕ್ಕೆ ಮಾದರಿಯಾಗಿತ್ತೆಂದು ಹೇಳುವರು. ಟಿಪ್ಪು ಸುಲ್ತಾನನು ಪರದೇಶಗಳಿಂದ ಸಸಿಗಳನ್ನು ತರಿಸಿ ಇದನ್ನು ಬೆಳೆಯಿಸಿದನು. ೧೭೯೯ರ ತರುವಾಯ ಕೈಯಿಂದ ಕೈಗೆ ಸಾಗಿ, ೧೮೫೬ರಲ್ಲಿ ಇದು ಸರಕಾರದ ಸಸ್ಯೋದ್ಯಾನವಾಯಿತು. ೧೮೮೯ರಲ್ಲಿ ಗಾಜಿನ ಮನೆಗೆ ಅಸ್ತಿಭಾರವಾಯಿತು. ಕ್ರಮೇಣ ವಿಸ್ತಾರವು ೨೪೦ ಎಕರೆಗಳಿಗೆ ಏರಿತು. ಹೀಗೆ ಬಾಗಿಲು ತೆರೆದುದು ನಿಜ. ಆದರೂ ಅದು ಊರಾಚೆ ಹೋಗಿ ನೋಡಿಬರತಕ್ಕ ತೋಟವಾಗಿಯೇ ಇತ್ತು.

ಅಷ್ಟರಲ್ಲಿ ಊರೇ ತೋಟದ ಬಳಿಗೆ ಬಂದಿತು. ೧೯ನೆಯ ಶತಮಾನದ ಕೊನೆಯಲ್ಲಿ ಪಡುವಲಿಗೆ ಬಸವನಗುಡಿಯೂ, ೧೯೪೮ರಿಂದ ತೆಂಕಲಿಗೆ ಜಯನಗರವೂ ಹುಟ್ಟಿದವು. ಸುತ್ತಲೂ ಮನೆಗಳು ಮುತ್ತಿದ ತೋಟವು ಗೋಡೆಯೊಳಗಣ ದ್ವೀಪವಾಗದಂತೆ ಕಾಯುವುದು ಹೇಗೆ? ಇದಕ್ಕೆ ಉತ್ತರವನ್ನು ಕಂಡವನು ಗುಸ್ಟಾವ್ ಹರ್ಮನ್ ಕ್ರುಂಬಿಗಲ್. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ದುಡಿದು, ೧೮೯೩ರಲ್ಲಿ ಬರೋಡೆಯ ಸೇವೆಗೆ ಬಂದ ಈತನು, ೧೯೦೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಲಾಲ್‌ಬಾಗಿಗೆ ಬಂದು, ೧೯೩೨ರವರೆಗೆ ಅಧಿಕಾರದಲ್ಲಿದ್ದನು.

ಈತನ ಮತವು ಸರಳವಾದುದು: ಜನರು ತೋಟಕ್ಕೆ ಬರುವಂತೆಯೇ ತೋಟವೂ ಜನರಿರುವೆಡೆಗೆ ಹೋಗಬೇಕು. ಲಾಲ್‌ಬಾಗಿನಲ್ಲಿ ಪಳಗಿಸಿದ ಸಸಿಗಳನ್ನು ಬೀದಿಗಳಲ್ಲಿ ನೆಡಿಸಿ, ಒಂದು ಜಾತಿಯ ಹೂ ಮುಗಿಯುವಾಗ ಮತ್ತೊಂದು ಅರಳುವಂತೆ ಜಾತಿಗಳನ್ನು ಆರಿಸುವುದೇ ಆ ಕ್ರಮ. ತರುವಾಯ ಬಂದ ಎಚ್. ಸಿ. ಜವರಾಯರೂ ಎಂ. ಎಚ್. ಮರೀಗೌಡರೂ ಇದನ್ನು ಮುಂದುವರಿಸಿದರು. ಮಾಗಿಯಲ್ಲಿ ನಸುಗೆಂಪಿನ ತಬೆಬುಯಾ. ಶಿಶಿರಾಂತ್ಯದಲ್ಲಿ ನೀಲಿಯ ಜಕರಾಂಡ. ಚೈತ್ರ ವೈಶಾಖಗಳಲ್ಲಿ ಹೊಂಗೆ, ಕಕ್ಕೆ, ಗುಲ್‌ಮೊಹರು. ಬೇಸಗೆಯ ಕೊನೆಗೆ ಹೊಳೆದಾಸವಾಳ. ಶರತ್ತಿನ ತರುವಾಯ ಆಕಾಶಮಲ್ಲಿಗೆ. ಪಂಚಾಂಗವನ್ನು ನೋಡದವನೂ ಬೀದಿಯನ್ನು ನೋಡಿ ಋತುವನ್ನು ತಿಳಿಯಬಹುದು.

ಮಾರ್ಗವೃಕ್ಷವು ನಮ್ಮ ದೇಶಕ್ಕೆ ಹೊಸತಲ್ಲ. ದಾರಿಗಳಲ್ಲಿ ಪಶುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ಆಲಗಳನ್ನು ನೆಡಿಸಿದುದನ್ನು ಅಶೋಕನು ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿರುವನು. ಅಲ್ಲಿ ನೆರಳು ಉದ್ದೇಶ; ಇಲ್ಲಿ ನೆರಳಿನೊಡನೆ ಕಾಲಕ್ರಮವೂ ಕೂಡಿತು. ಜಕರಾಂಡ, ತಬೆಬುಯಾಗಳು ದಕ್ಷಿಣ ಅಮೆರಿಕದವು, ಗುಲ್‌ಮೊಹರು ಮಡಗಾಸ್ಕರಿನದು, ಆದುದರಿಂದ ಇವು ಪರಕೀಯವೆಂದು ಆಕ್ಷೇಪಿಸಬಹುದು. ಆದರೆ ಹೊಂಗೆ, ಕಕ್ಕೆ, ಹೊಳೆದಾಸವಾಳಗಳು ಅದೇ ಪಂಕ್ತಿಯಲ್ಲಿ ಸಮನಾಗಿ ನಿಂತಿರುವುದನ್ನು ಮರೆಯಲಾಗದು.

ಈ ಸಂಬಂಧವು ಇಂದು ಶಿಥಿಲವಾಗುತ್ತಿರುವುದು ಗಮನಿಸತಕ್ಕ ಸಂಗತಿ. ರಸ್ತೆಗಳನ್ನು ಅಗಲಿಸುವಾಗ ಮೊದಲು ಬೀಳುವುದು ಸಾಲುಮರ. ಉಳಿದವುಗಳ ಬುಡಕ್ಕೆ ಕಾಂಕ್ರೀಟನ್ನು ಒತ್ತಿದರೆ ನೀರೂ ಗಾಳಿಯೂ ಬೇರಿಗೆ ಇಳಿಯಲಾರವು. ೨೦೦೯ರಲ್ಲಿ ಮೆಟ್ರೋ ರೈಲಿನ ಕೆಲಸಕ್ಕಾಗಿ ಲಾಲ್‌ಬಾಗಿನ ಅಂಚಿನಲ್ಲಿಯೇ ಮರಗಳನ್ನು ಕಡಿದಾಗ ಪುರಜನರು ಪ್ರತಿಭಟಿಸಿದರು. ಒಂದು ಮರಕ್ಕೆ ಬದಲಾಗಿ ಒಂದು ಸಸಿಯನ್ನು ನೆಡುವುದರಿಂದ ಲೆಕ್ಕವು ಸರಿಹೋಗಬಹುದು. ನೆರಳು ಮರಳಿ ಬರಲು ಒಂದು ತಲೆಮಾರೇ ಬೇಕು.

೨೪೦ ಎಕರೆಗಳೂ ಗೋಡೆಯೊಳಗೆ ಭದ್ರವಾಗಿ ಉಳಿದು, ಹೊರಗಣ ಬೀದಿಗಳು ಮಾತ್ರ ಬೋಳಾದರೆ, ಲಾಲ್‌ಬಾಗು ಅಳತೆಯಲ್ಲಿ ಕುಂದದಿದ್ದರೂ ಅರ್ಥದಲ್ಲಿ ಕುಂದುವುದು. ಅಮರನ ಮಾತಿನಲ್ಲಿ ಹೇಳುವುದಾದರೆ, ಆಕ್ರೀಡವು ಮತ್ತೆ ಪ್ರಮದವನವಾಗುವುದು. ಆದುದರಿಂದ ತೋಟವನ್ನು ಕಾಯಬೇಕೆನ್ನುವವರು ಅದರ ಬಾಗಿಲಿಗೆ ಬರುವ ಬೀದಿಯ ಮರಗಳನ್ನು ಮೊದಲು ಕಾಯತಕ್ಕದ್ದು.