ಲೆಕ್ಕದ ಪುಸ್ತಕದಲ್ಲಿ ಇಲ್ಲದ ಹೆಸರು

ಅಕೌಂಟೆನ್ಸಿ ತರಗತಿಯಲ್ಲಿ ನಾವು ಸರಕಿನ ಲೆಕ್ಕ ಬರೆಯುತ್ತೇವೆ. ಗುಲಾಮರನ್ನು ಸಾಗಿಸಿದ ಹಡಗುಗಳ ಲೆಕ್ಕದಲ್ಲಿ ಮನುಷ್ಯರೇ ಸರಕು. ಹೆಚ್ಚಾಗಿ ಹೆಸರಿಲ್ಲ, ಸಂಖ್ಯೆ ಮಾತ್ರ. ಅಮೆರಿಕದ ಕಪ್ಪು ವಿದ್ವಾಂಸೆ ಸೈದಿಯಾ ಹಾರ್ಟ್‌ಮನ್ ಹುಡುಕುವುದು ಆ ಸಂಖ್ಯೆಗಳ ಹಿಂದಿನ ಹೆಂಗಸರನ್ನು.

‘ರಿಕವರಿ’ ಎಂಬ ಹಡಗಿನಲ್ಲಿ ಇಬ್ಬರು ಆಫ್ರಿಕನ್ ಹುಡುಗಿಯರು ಸತ್ತರು. 1792ರಲ್ಲಿ ಕ್ಯಾಪ್ಟನ್ ಜಾನ್ ಕಿಂಬರ್ ಮೇಲೆ ಕೊಲೆ ಮೊಕದ್ದಮೆ ನಡೆದು, ಆತ ಬಿಡುಗಡೆಯಾದ. ವೀನಸ್ ಎಂದು ಕರೆಸಿಕೊಂಡ ಹುಡುಗಿಯ ಬಗ್ಗೆ ಅಲ್ಲಿ ಉಳಿದದ್ದು ಒಂದೆರಡು ಮಾತಷ್ಟೇ. ಆ ಇಬ್ಬರೂ ಒಬ್ಬರಿಗೊಬ್ಬರು ಆಸರೆಯಾಗಿದ್ದರು ಎಂದು ಬರೆಯುವ ಆಸೆ ಹಾರ್ಟ್‌ಮನ್‌ಗಿತ್ತು. ದಾಖಲೆ ಹೇಳದ್ದನ್ನು ನಿಜವೆಂದು ಬರೆಯಬಾರದೆಂದು ತಡೆದುಕೊಂಡೆ ಎಂದು 2008ರ ಪ್ರಬಂಧದಲ್ಲಿ ಒಪ್ಪಿಕೊಳ್ಳುತ್ತಾರೆ. ನಾನಾಗಿದ್ದರೆ ಬರೆದುಬಿಡುತ್ತಿದ್ದೆ.

ಮನೆಯಲ್ಲಿ ಇದನ್ನು ಉರ್ದುವಿನಲ್ಲಿ ಹೇಳಿದೆ. ಅಮ್ಮಿ ಕೇಳಿದ್ದು ಒಂದೇ: ತಾಯಿ ಇಟ್ಟ ಹೆಸರೇನು? ಅದನ್ನು ಯಾರೂ ಬರೆದಿಟ್ಟಿಲ್ಲ.