ನಡುವೆ ನಿಂತವಳ ಪಾಡು

ಹಾಡು ಹಿಟ್ ಆದ್ರೆ ಸಾಕು, ಅದು ಯಾರದ್ದು ಅಂತ ಯಾರು ಕೇಳ್ತಾರೆ? 2011ರ ಕೊರಿಯನ್ ಹಾರರ್ ‘ವೈಟ್’ ಶುರುವಾಗೋದೇ ಇಲ್ಲಿಂದ.

ಪಿಂಕ್ ಡಾಲ್ಸ್. ನಾಲ್ಕು ಹುಡುಗಿಯರ ಪಾಪ್ ತಂಡ, ಎಷ್ಟು ಕುಣಿದ್ರೂ ಹೆಸರಿಲ್ಲ. ಲೀಡರ್ ಉನ್-ಜು ಹಿಂದೆ ಬ್ಯಾಕಪ್ ಡಾನ್ಸರ್. ಉಳಿದವರು ಅವಳನ್ನ ಲೆಕ್ಕಕ್ಕೇ ಇಡಲ್ಲ. ಹೊಸ ಸ್ಟುಡಿಯೋದಲ್ಲಿ ಅವಳಿಗೊಂದು ಹಳೇ ವಿಡಿಯೋ ಕ್ಯಾಸೆಟ್ ಸಿಗುತ್ತೆ. ಅದರೊಳಗೆ ಒಂದು ಹಾಡು. ಅದನ್ನೇ ತಮ್ಮದು ಮಾಡ್ಕೊಂಡು ಹಾಡ್ತಾರೆ. ಸೂಪರ್ ಹಿಟ್!

ಈಗ ಜಗಳ, ಸ್ಟೇಜ್ ಮೇಲೆ ನಡುವೆ ನಿಂತು ಮುಖ್ಯವಾಗಿ ಹಾಡೋದು ಯಾರು? ಆ ಜಾಗಕ್ಕೆ ಬಂದವಳಿಗೆಲ್ಲ ಒಂದೊಂದು ಅವಘಡ.

ನನ್ನ ಕೇಳಿದ್ರೆ, ದೆವ್ವಕ್ಕಿಂತ ಈ ಹುಡುಗಿಯರು ಒಬ್ಬರನ್ನೊಬ್ಬರು ನೋಡೋ ನೋಟವೇ ಭಯಂಕರ. ಉನ್-ಜು ಪಾತ್ರದ ಹಮ್ ಉನ್-ಜಂಗ್ ನಿಜಕ್ಕೂ ಟಿ-ಆರಾ ತಂಡದ ಗಾಯಕಿ. ಅವಳ ಮುಖದಲ್ಲಿ ಕಾಣೋ ಸುಸ್ತು ಬರೀ ನಟನೆ ಅನ್ನಿಸಲ್ಲ.

ಕೊನೆಗೆ ಸ್ಟೇಜ್ ಮೇಲೆ ಉನ್-ಜು ಒಬ್ಬಳೇ. ಮುಂದಿನದು ಹೇಳಲ್ಲ, ಹೆಡ್‌ಫೋನ್ ಹಾಕ್ಕೊಂಡು ನೋಡಿ.