ಬಲ್ಬಿನ ಮುಚ್ಚಳಕ್ಕೆ ಕೊಬ್ಬರಿ ಎಣ್ಣೆ: ಸಿಮ್ಯುಲೇಶನ್ ಪಾಠಕ್ಕೆ ಮೊದಲು ಒಂದು ಪರೀಕ್ಷೆ

ಬೋಧನಾಭ್ಯಾಸದ ಅವಧಿಯಲ್ಲಿ ಊರ್ಡಿಗೆರೆಯ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ಬೆಳಕಿನ ವಕ್ರೀಭವನವನ್ನು ಬೋಧಿಸಿದೆ. ‘ಹೊಸ ಬೆಳಕು’ ಯೋಜನೆಯಲ್ಲಿ ಹಂಚಿದ 9 ವ್ಯಾಟ್ ಎಲ್‌ಇಡಿ ಬಲ್ಬನ್ನು ಮಕ್ಕಳೆಲ್ಲ ಬಲ್ಲರು. ಅಂತಹ ಬಲ್ಬಿನ ಬಿಳಿ ಪ್ಲಾಸ್ಟಿಕ್ ಮುಚ್ಚಳ ಬೆಳಕನ್ನು ಹೇಗೆ ಹರಡುತ್ತದೆ ಎಂಬುದನ್ನು, ಕಿರಣಗಳ ಹಾದಿ ಎಳೆಯುವ ಸಿಮ್ಯುಲೇಶನ್ ತಂತ್ರಾಂಶದಲ್ಲಿ ತೋರಿಸುವುದು ನನ್ನ ಪಾಠಯೋಜನೆಯಾಗಿತ್ತು.

ಮುಚ್ಚಳಕ್ಕೆ ‘ಒರಟು ಮೇಲ್ಮೈ’ ಎಂಬ ಆಯ್ಕೆ ಕೊಟ್ಟೆ. ಪರದೆಯ ಮೇಲೆ ಕಿರಣಗಳು ಬೀಸಣಿಗೆಯಂತೆ ಹರಡಿದವು. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಮೇಜಿನ ಮೇಲಿದ್ದ ಕೆಟ್ಟ ಬಲ್ಬಿನ ಮುಚ್ಚಳವನ್ನು ಸವರಿ, “ಮಿಸ್, ಒರಟು ಅಂದ್ರಿ, ಇದು ನುಣ್ಣಗೇ ಐತಲ್ಲ?” ಎಂದಳು. ಪಾಠ ವೀಕ್ಷಣೆಗೆ ಬಂದಿದ್ದ ಪ್ರಾಧ್ಯಾಪಕರು ಹಿಂದಿನ ಬೆಂಚಿನಲ್ಲಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. “ನೀನು ಹೇಳಿದ್ದು ಸರಿ, ನಾಳೆ ಪರೀಕ್ಷೆ ಮಾಡಿ ನೋಡೋಣ” ಎಂದೆ.

ಪ್ಲಾಸ್ಟಿಕ್ ಬೆಳಕನ್ನು ಚದುರಿಸುವ ಬಗೆ ಮುಖ್ಯವಾಗಿ ಎರಡು. ಮೊದಲನೆಯದು ಮೇಲ್ಮೈಯಲ್ಲಿ ನಡೆಯುವುದು. ಒರಟು ಮೇಲ್ಮೈಯ ಒಂದೊಂದು ಚುಕ್ಕೆಯೂ ಒಂದೊಂದು ಕಡೆಗೆ ವಾಲಿರುತ್ತದೆ. ಹಾಗಾಗಿ ಪ್ರತಿ ಬಿಂದುವಿನಲ್ಲೂ ಲಂಬದ ದಿಕ್ಕು ಬೇರೆ. ವಕ್ರೀಭವನದ ನಿಯಮ ಎಲ್ಲಿಯೂ ತಪ್ಪುವುದಿಲ್ಲ, ಆದರೂ ಕಿರಣಗಳು ಚದುರುತ್ತವೆ. ಎರಡನೆಯದು ಒಳಗೆ ನಡೆಯುವುದು. ಮೇಲ್ಮೈ ನುಣುಪಾಗಿದ್ದರೂ ಪ್ಲಾಸ್ಟಿಕ್ಕಿನೊಳಗೆ ಬೇರೆ ವಕ್ರೀಭವನ ಸೂಚ್ಯಂಕದ ಸೂಕ್ಷ್ಮ ಕಣಗಳು ಬೆರೆತಿರುತ್ತವೆ. ಹಾಲಿನಲ್ಲಿ ಆಗುವಂತೆ, ಕಿರಣ ಹಲವು ಸಲ ದಿಕ್ಕು ಬದಲಿಸಿ ಹೊರಬರುತ್ತದೆ. ಇದನ್ನು ಮಾದರಿಯಾಗಿಸಲು, ಒಂದು ತಿರುವಿನಿಂದ ಮುಂದಿನ ತಿರುವಿಗೆ ಕಿರಣ ಸರಾಸರಿ ಎಷ್ಟು ದೂರ ಸಾಗುತ್ತದೆ ಎಂಬುದನ್ನು ತಂತ್ರಾಂಶಕ್ಕೆ ತಿಳಿಸಬೇಕು.

ಎರಡು ಆಯ್ಕೆಗಳಲ್ಲೂ ಪರದೆಯ ಚಿತ್ರ ಹೆಚ್ಚುಕಡಿಮೆ ಒಂದೇ ರೀತಿ ಕಾಣುವಂತೆ ಮಾಡಬಹುದು. ಆದ್ದರಿಂದ ಚಿತ್ರ ಚೆನ್ನಾಗಿ ಬಂತೆಂದರೆ ಮಾದರಿ ಸರಿಯೆಂದು ಅರ್ಥವಲ್ಲ. ವಸ್ತುವನ್ನೇ ಕೇಳಬೇಕು.

ಮರುದಿನ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲೊಂದರ ಒಂದು ಬದಿಯನ್ನು ಉಪ್ಪುಕಾಗದದಿಂದ ಉಜ್ಜಿದೆವು. ಅದರ ಮೂಲಕ ಕಿಟಕಿಯ ಸರಳುಗಳು ಕಾಣಲಿಲ್ಲ. ಉಜ್ಜಿದ ಕಡೆ ಕೊಬ್ಬರಿ ಎಣ್ಣೆ ಸವರಿದೊಡನೆ ಸರಳುಗಳು ಮತ್ತೆ ಕಂಡವು. ಕಾರಣ ಸರಳ: ಗಾಳಿಯ ವಕ್ರೀಭವನ ಸೂಚ್ಯಂಕ 1.00, ಇಂತಹ ಪ್ಲಾಸ್ಟಿಕ್ಕಿನದು ಸುಮಾರು 1.5, ಕೊಬ್ಬರಿ ಎಣ್ಣೆಯದು ಸುಮಾರು 1.45. ತಗ್ಗುಗಳಲ್ಲಿ ಗಾಳಿಯ ಬದಲು ಎಣ್ಣೆ ತುಂಬಿದಾಗ ವ್ಯತ್ಯಾಸ 0.5ರಿಂದ 0.05ಕ್ಕೆ ಇಳಿಯುತ್ತದೆ, ಕಿರಣ ಬಾಗುವುದು ಬಹಳ ಕಡಿಮೆಯಾಗುತ್ತದೆ.

ಬಲ್ಬಿನ ಮುಚ್ಚಳದ ಒಳಗೂ ಹೊರಗೂ ಎಣ್ಣೆ ಹಚ್ಚಿದೆವು. ಏನೂ ಬದಲಾಗಲಿಲ್ಲ. ಚದುರುವಿಕೆ ಒಳಗೇ ನಡೆಯುತ್ತಿದೆ ಎಂದು ಮಕ್ಕಳೇ ತೀರ್ಮಾನಿಸಿದರು. ಅವರ ಎದುರಿಗೇ ತಂತ್ರಾಂಶದಲ್ಲಿ ನನ್ನ ಆಯ್ಕೆಯನ್ನು ತಿದ್ದಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಮೂರು ಸಲಹೆಗಳು. ಸಿಮ್ಯುಲೇಶನ್ ಬಳಸುವ ಪಾಠಯೋಜನೆಯಲ್ಲಿ ‘ನಾನು ಊಹಿಸಿಕೊಂಡದ್ದು’ ಎಂಬ ಕಲಂ ಇರಲಿ. ಆ ಊಹೆಯನ್ನು ತರಗತಿಯಲ್ಲೇ ಪರೀಕ್ಷಿಸುವ ಒಂದು ಅಗ್ಗದ ಚಟುವಟಿಕೆಯನ್ನು ಪಕ್ಕದಲ್ಲಿ ಬರೆಯಿರಿ. ಎಣ್ಣೆ ಹಚ್ಚುವ ಮೊದಲು ಏನಾಗಬಹುದೆಂದು ಮಕ್ಕಳಿಂದ ಬರೆಸಿ. ಬಲ್ಬು ಮಾತ್ರ ಕೆಟ್ಟದ್ದೇ ಆಗಿರಲಿ. ಅದನ್ನು ಹೋಲ್ಡರಿನಿಂದ ತೆಗೆದ ಮೇಲೆ ಮುಚ್ಚಳವನ್ನು ಶಿಕ್ಷಕರೇ ಬಿಡಿಸಲಿ.